ಮೇಷ್ಟರು ಹೇಳಿದ ಎರಡನೆಯ ಮಾತು

ಅವತ್ತು ಮೈಸೂರಿನ ಮೈದಾನದಲ್ಲಿ ನೀನು ಬಿದ್ದದ್ದು ನಿನ್ನ ಮೈಯ ಕುಂದಿನಿಂದಲ್ಲ ಗೌರಿ, ನನ್ನಿಂದ. ದಿನಾ ಎರಡು ಹೊತ್ತು ನಿನ್ನ ತಟ್ಟೆಗೆ ಬಡಿಸುತ್ತಿದ್ದ ಅತ್ತಿಗೆಯೇ ನಿನ್ನನ್ನು ಬೀಳಿಸಿದಳು. ಹನ್ನೆರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ — ಮುಚ್ಚಿಕೊಂಡು ಹೊಗಳಿಸಿಕೊಂಡೆ ಬೇರೆ.

ಮಹಿಳಾ ಪೊಲೀಸ್ ಆಯ್ಕೆಗೆ ನೀನು ಅರ್ಜಿ ಹಾಕಿದ್ದೆ. ಓದಿನಲ್ಲಿ ಹಿಂದಿರಲಿಲ್ಲ, ಅಡ್ಡಿಯಿದ್ದದ್ದು ಓಟ ಒಂದೇ. ತೂಕವೂ ಇಳಿಯಬೇಕು, ಕಾಲಿಗೆ ಬಲವೂ ಬರಬೇಕು. ನಂಜನಗೂಡಿನ ಡ್ರಿಲ್ ಮೇಷ್ಟರೊಬ್ಬರು ತಯಾರು ಮಾಡಲು ಒಪ್ಪಿದರು. ನಮ್ಮೂರು ಹದಿನಾರಿನಿಂದ ಮೊದಲ ಬಸ್ಸಿಗೆ ಇಬ್ಬರೂ ಹೋದೆವಲ್ಲ, ನೀನು ಅತ್ತ ಮೈದಾನ ಸುತ್ತುತ್ತಿದ್ದಾಗ ಅವರು ನನ್ನನ್ನು ಪಕ್ಕಕ್ಕೆ ಕರೆದರು. ಮನೆಯಲ್ಲಿ ಅಡುಗೆ ಯಾರದ್ದು ಎಂದು ಕೇಳಿ ತಿಳಿದು, ಎರಡು ಮಾತು ಹೇಳಿದರು. ಮೊದಲ ತಿಂಗಳು ಅರ್ಧ ಮುದ್ದೆ, ಸೊಪ್ಪು ತರಕಾರಿ ಹೆಚ್ಚು, ಕರಿದದ್ದು ಸಿಹಿ ಬೇಡ. ಇದು ಒಂದು. ಇನ್ನೊಂದು —

"ಎರಡ್ನೇ ತಿಂಗ್ಳಿಂದ ಓಟ ಜಾಸ್ತಿ ಮಾಡುಸ್ತೀನಿ ಕಣಮ್ಮ. ಆವಾಗ ಊಟಾನೂ ಜಾಸ್ತಿ ಮಾಡ್ಬೇಕು. ಓಡಿ ಬಂದ್ಮೇಲೆ ನೆನೆಸಿದ ಕಾಳು, ಒಂದು ಲೋಟ ಹಾಲು, ಮಧ್ಯಾಹ್ನ ಪೂರ್ತಿ ಮುದ್ದೆ. ತಿನ್ನುಸ್ದೆ ಓಡ್ಸುದ್ರೆ ತೂಕದ ಜೊತೆ ಶಕ್ತೀನೂ ಹೊಂಟೋಯ್ತದೆ."

ಮೊದಲನೆಯ ಮಾತನ್ನು ನಿನಗೆ ಮುಟ್ಟಿಸಿದೆ. ಎರಡನೆಯದನ್ನು ನುಂಗಿಕೊಂಡೆ.

ಯಾಕೆ? ಕರೆಯುವ ಹಸು ನಾಲ್ಕು, ಎರಡು ಹೊತ್ತು ಡೈರಿಗೆ ಹಾಲು, ಸಗಣಿ, ಹುಲ್ಲು — ನೀನು ಕೆಲಸಕ್ಕೆ ಹೋದರೆ ಎಲ್ಲವೂ ನನ್ನ ತಲೆಗೆ. ಅಷ್ಟೇ. ದೊಡ್ಡ ದ್ವೇಷವೇನಾದರೂ ಇದ್ದಿದ್ದರೆ ಹೇಳಿಕೊಳ್ಳಲು ಒಂದು ಕಾರಣವಾದರೂ ಇರುತ್ತಿತ್ತು. ಕೊಟ್ಟಿಗೆ ಬಾಚುವ ಕೈ ತಪ್ಪಬಾರದೆಂದು ಒಬ್ಬಳ ಬಾಳನ್ನೇ — ಥೂ, ಬರೆಯುವಾಗಲೂ ನನ್ನ ಮೇಲೆ ನನಗೆ ಮೈ ಉರಿಯುತ್ತದೆ.

ಬಡಿಸಿದ್ದನ್ನು ಉಣ್ಣುವುದು, ತಾವಾಗಿ ಪಾತ್ರೆಗೆ ಕೈ ಹಾಕದಿರುವುದು ನಮ್ಮ ಮನೆಯ ಪದ್ಧತಿ. ಅದು ನನಗೆ ಅನುಕೂಲವಾಯಿತು. ಎರಡನೆಯ ತಿಂಗಳು ನೀನು ಓಡಿ ಬಂದು, ಕೊಟ್ಟಿಗೆ ಬಾಚಿ, ಹಾಲಿನ ಕ್ಯಾನು ಹೊತ್ತು ಡೈರಿಗೆ ಹಾಕಿ ಬಂದು ಕೂತರೆ, ಅದೇ ಅರ್ಧ ಮುದ್ದೆ, ತಿಳಿ ಸಾರು, ನೀರು ಮಜ್ಜಿಗೆ. ನೀನು ಹೊತ್ತ ಹಾಲಿನಲ್ಲಿ ನಿನಗೊಂದು ಲೋಟ ಇಟ್ಟವಳಲ್ಲ ನಾನು. ಒಂದು ದಿನ ನೀನೇ ಮೆಲ್ಲಗೆ ಕೇಳಿದೆ.

"ಅತ್ಗೆ, ಇನ್ನೊಂದ್ ತುಂಡು ಇಕ್ತೀಯಾ? ಓಡೋವಾಗ ಕಣ್ಣು ಕತ್ಲೆ ಬತ್ತದೆ."

"ಮೇಷ್ಟ್ರು ಬ್ಯಾಡ ಅಂದವ್ರೆ ಕಣವ್ವ."

ಮತ್ತೆ ನೀನು ಕೇಳಲಿಲ್ಲ. ಊಟ ಸರಿಯಾಗಿದೆಯಾ ಎಂದು ಮೇಷ್ಟರು ವಿಚಾರಿಸಿದಾಗ, ನೀವು ಹೇಳಿದಂತೆಯೇ ಅತ್ತಿಗೆ ಬಡಿಸುತ್ತಾಳೆ ಎಂದೆಯಂತೆ. ನನ್ನನ್ನು ಅಷ್ಟು ನಂಬಿದ್ದೆ ನೀನು. ಗೊಬ್ಬರದಂಗಡಿಯ ತಕ್ಕಡಿಯಲ್ಲಿ ವಾರವಾರವೂ ನಿನ್ನ ತೂಕ ಇಳಿಯುತ್ತಿತ್ತು. ನನ್ನ ಹೆಂಡತಿ ಎಮ್ಮೆಯನ್ನು ಜಿಂಕೆ ಮಾಡಿದಳು ಎಂದು ನಿಮ್ಮಣ್ಣ ಊರೆಲ್ಲ ಹೇಳಿಕೊಂಡು ನಕ್ಕರು. ಒಳಕ್ಕೆ ಹೋದ ನಿನ್ನ ಕಣ್ಣು ಆ ಮನುಷ್ಯನಿಗೂ ಕಾಣಲಿಲ್ಲ, ಯಾರಿಗೂ ಕಾಣಲಿಲ್ಲ. ತೂಕ ಇಳಿದರೆ ಸಾಕು, ಎಲ್ಲರಿಗೂ ಸಂತೋಷ.

ಆಯ್ಕೆಯ ದಿನ ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಒಂದು ಚಿಪ್ಪು ರಸಬಾಳೆ ಕೊಂಡೆ — ಮನೆಗೆ. ಓಟಕ್ಕೆ ಮುಂಚೆ ಹೊಟ್ಟೆ ಭಾರವಾಗುತ್ತದೆ ಎಂದು ನಿನಗೆ ಒಂದನ್ನೂ ಸುಲಿದು ಕೊಡಲಿಲ್ಲ. ಮುಕ್ಕಾಲು ಸುತ್ತು ನೀನು ಮುಂದೆಯೇ ಇದ್ದೆ ಗೌರಿ, ಹಗ್ಗದಾಚೆ ನಿಂತು ನೋಡಿದ್ದೇನೆ. ಆಮೇಲೆ ಕಾಲು ಮಡಿಸಿಕೊಂಡು ಕುಸಿದೆ. ಅವರು ಮುಂದಿನ ನಂಬರು ಕೂಗಿದರು.

ಮುಂದಿನ ಸಲ ಆಯ್ಕೆಗೆ ಕರೆದಾಗ ನೀನು ಅರ್ಜಿಯನ್ನೇ ತರಲಿಲ್ಲ. ಅತ್ತಿಗೆ ತಾಯಿಯಂತೆ ನೋಡಿಕೊಂಡಳು, ಇವಳ ಮೈಯೇ ಆಗಿಬರಲಿಲ್ಲ ಎಂದರು ನೆಂಟರು. ನಾನು ತಲೆ ತಗ್ಗಿಸಿದೆ — ವಿನಯ ಅಂದುಕೊಂಡರು. ಆ ವರ್ಷವೇ ನಿನ್ನನ್ನು ಹೆಮ್ಮಿಗೆಗೆ ಮದುವೆ ಮಾಡಿ ಕೊಟ್ಟೆವು.

ಹೋದ ವಾರ ನಿಮ್ಮ ಮನೆಗೆ ಬಂದಿದ್ದಾಗ ನಿನ್ನ ಮಗಳು ಕುಣಿದುಕೊಂಡು ಬಂದು, ಓಟದಲ್ಲಿ ಗೆದ್ದೆ, ನರಸೀಪುರದ ತಾಲ್ಲೂಕು ಪಂದ್ಯಕ್ಕೆ ಕಳಿಸುತ್ತಾರೆ ಎಂದಳು. ನನಗೆ ಬಡಿಸುತ್ತಿದ್ದ ನೀನು ತಲೆಯೆತ್ತದೆ ಹೇಳಿದೆ —

"ಬ್ಯಾಡ ಕಣವ್ವ. ನಮ್ದು ಓಡೋ ಮೈಯಲ್ಲ. ನಾಕ್ ಜನದ್ ಮುಂದೆ ಬಿದ್ದು ಗೊತ್ತು ನಂಗೆ."

ಮಗು ನನ್ನ ಮುಖ ನೋಡಿತು. ನಾನು ಅನ್ನ ಕಲಸುತ್ತಿದ್ದೆ. ಹಾಕಿಸಿಕೊಂಡು ಉಂಡೆ ಕೂಡ. ನನ್ನಂಥ ಹೇಡಿಗೆ ಅನ್ನ ಹೇಗೆ ಇಳಿಯಿತೋ!

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ. ಪಂದ್ಯಕ್ಕೆ ಇನ್ನೂ ಆರು ದಿನವಿದೆ. ನಾಳೆ ಬೆಳಿಗ್ಗೆ ಬರುತ್ತೇನೆ. ಈ ಕಾಗದವನ್ನು ಅಂಚೆಗೆ ಹಾಕಿ ನಾನು ಮನೆಯಲ್ಲಿ ಅವಿತು ಕೂರುವುದಿಲ್ಲ, ನಾನೇ ತಂದು ಓದುತ್ತೇನೆ. ನೀನು ಒಳಗೆ ಕರೆಯದಿದ್ದರೆ ಜಗುಲಿಯ ಕೆಳಗೆ ನಿಂತು ಓದುತ್ತೇನೆ. ಅವ್ವನ ಮೈ ಓಡುವ ಮೈಯೇ ಆಗಿತ್ತು ಎಂಬುದನ್ನು ಆ ಮಗು ನನ್ನ ಬಾಯಿಂದಲೇ ಕೇಳಬೇಕು.