ರಕ್ತ ಬಿಟ್ಟ ಗೊಂಬೆ

ನಾನು ಸದಲಗಾ ಕಡೆ ಕೊರಿಯರ್ ಹಂಚುವವನು. ಕೆಲವು ಪಾರ್ಸೆಲ್‌ಗಳನ್ನು ಬಾಗಿಲಲ್ಲೇ ಬಿಚ್ಚಿ ತೋರಿಸಿ ಕೊಡಬೇಕೆಂಬ ನಿಯಮವಿದೆ. ಅವತ್ತು ಒಂದು ಜೈನರ ಮನೆಯ ಅಜ್ಜಿಯ ಎದುರು ಹಾಗೇ ಬಿಚ್ಚಿದೆ. ಒಳಗಿನ ಡಬ್ಬಿಗೆ ಪ್ಲಾಸ್ಟಿಕ್ ಕಿಟಕಿ. ಅದರೊಳಗೆ ಮೈಗಿಂತ ತಲೆಯೇ ದೊಡ್ಡದಾದ ವಿನೈಲ್ ಗೊಂಬೆ, ತುಟಿಯಾಚೆ ಎರಡು ಕೋರೆಹಲ್ಲು.

"ಯಾರಪಾ ಇಂವಾ?" ಅಜ್ಜಿ ಕೇಳಿದರು.

ನನಗೇನು ಗೊತ್ತು? ತರಿಸಿದ ಮೊಮ್ಮಗಳು ಚಿಕ್ಕೋಡಿಯ ಕಾಲೇಜಿನಲ್ಲಿದ್ದಳು. ಅವಳಿಗೇ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ.

"ಟಿವಿ ಸೀರಿಯಲ್‌ನ್ಯಾಗಿನ ಪಿಶಾಚಿ ಆಯಿ, ರಕ್ತ ಕುಡಿತಾನ," ಅಂದಳು. "ಡಬ್ಬಿ ಮಾತ್ರ ತಗಿಬ್ಯಾಡ್ರಿ, ಕಿಮ್ಮತ್ತು ಹೋಗ್ತೈತಿ."

ಅಜ್ಜಿ ಹಿಂದೆ ಸರಿದರು. "ಹೊತ್ತು ಮುಳುಗಿದ ಮ್ಯಾಲ ನಾವು ಅನ್ನಾನೂ ಉಣ್ಣಂಗಿಲ್ಲ. ಅಂಥಾ ಮನ್ಯಾಗ ರಕ್ತ ಕುಡಿಯಾಂವಾ? ವಾಪಸ್ ಒಯ್ಯಪಾ."

ನಾನು ಪಾರ್ಸೆಲ್ ಎತ್ತಿಕೊಂಡೆ.

"ಆಯಿ, ಕಡೀ ಭಾಗದಾಗ ಅಂವಾ ರಕ್ತ ಬಿಟ್ಟಾನ," ಮೊಮ್ಮಗಳ ದನಿ ಅಳುವ ಹಂತಕ್ಕೆ ಬಂದಿತ್ತು. "ಎಷ್ಟ್ ಹುಡುಕಿದ ಮ್ಯಾಲ ಸಿಕ್ಕಾನ, ಕಳಸಬ್ಯಾಡ."

"ತಾನಾಗೇ ಬಿಟ್ಟಾನೋ, ಸಿಗಲಿಲ್ಲಂತ ಬಿಟ್ಟಾನೋ?"

"ತಾನಾಗೇ."

"ಹಂಗಾರ ನೇಮ ಹಿಡದಾನ. ಒಳಗ ಬರಲಿ."

ಕೋರೆಹಲ್ಲಿನವನನ್ನು ಅಜ್ಜಿ ಎರಡೂ ಕೈಯಿಂದ ಇಸಿದುಕೊಂಡರು. ಡಬ್ಬಿ ತೆಗೆಯಲೂ ಇಲ್ಲ. ಪಿಶಾಚಿಯನ್ನು ಕೊಟ್ಟೆನೋ, ಸಾಧುವನ್ನು ಕೊಟ್ಟೆನೋ ತಿಳಿಯದೆ ಓಟಿಪಿ ಕೇಳುವುದನ್ನೂ ಮರೆತು ನಿಂತಿದ್ದೆ. ಅಜ್ಜಿ ನನ್ನತ್ತ ತಿರುಗಿದರು.

"ನೀ ಏನು ಬಿಟ್ಟೀಪಾ?"

ಏನಾದರೂ ಹೇಳುತ್ತಿದ್ದೆ. ಆದರೆ ದವಡೆ ತುಂಬ ನಿಪ್ಪಾಣಿ ತಂಬಾಕಿತ್ತು.