ಗೋಡೆ ದಾಟಿದ ಗಣಪತಿ ಫೋಲ್ಡರ್

ಕಳೆದ ವಾರವೆಲ್ಲ ನಾನು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದೆ. ಡೊಂಬಿವಲಿಯ ನಮ್ಮ ಸೊಸೈಟಿಯ ವಾಚ್‌ಮನ್, "ಸಾಬ್, ವಜನ್ ಕಮ್ ಕರ್ ರಹೇ ಹೋ ಕ್ಯಾ?" ಎಂದು ಕೇಳಿದ. ಹೂಂ ಎಂದೆ. ತೂಕ ಇಳಿಸುವುದಕ್ಕಲ್ಲ ಮಾರಾಯ, ಮುಖ ತಪ್ಪಿಸುವುದಕ್ಕೆ ಎಂದು ಅವನ ಹತ್ತಿರ ಹೇಳಲಾದೀತೇ? ನಿಮ್ಮ ಹತ್ತಿರ ಹೇಳಬಹುದು. ನೀವು ನಮ್ಮ ಬಿಲ್ಡಿಂಗಿನವರಲ್ಲ.

ಎಲ್ಲಕ್ಕೂ ಮೂಲ ಒಂದು ಕರಿಯ ಹಾರ್ಡ್‌ಡಿಸ್ಕ್. ನಾನು ಅಂಬರನಾಥದ ಕಾರ್ಖಾನೆಯ ಲೆಕ್ಕದ ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೆ, ನನ್ನ ಹೆಂಡತಿ ವಸಂತಿ, "ಮೊಬೈಲಲ್ಲಿ ಸ್ವಲ್ಪ, ಪೆನ್‌ಡ್ರೈವಲ್ಲಿ ಸ್ವಲ್ಪ, ಸೀಡಿಯಲ್ಲಿ ಸ್ವಲ್ಪ. ಆ ಫೋಟೊ ವಿಡಿಯೋ ಎಲ್ಲ ಒಂದು ಕಡೆ ಸೇರಿಸಿ ಮಾರಾಯ್ರೆ, ನನ್ನ ತಲೆ ತಿನ್ನುವುದಾದರೂ ಕಮ್ಮಿ ಆದೀತು" ಎಂದಳು. ನಾನು ಹಳೆಯ ಲ್ಯಾಪ್‌ಟಾಪಿಗೆ ಆ ಡಿಸ್ಕ್ ಸಿಕ್ಕಿಸಿ, ಇಂಟರ್ನೆಟ್ಟಿನಲ್ಲಿ ಯಾರೋ ಹೇಳಿಕೊಟ್ಟಂತೆ ಮಾಡುತ್ತ ಹೋಗಿ, ಒಂದು ಮೀಡಿಯಾ ಸರ್ವರನ್ನೇ ಕಟ್ಟಿಬಿಟ್ಟೆ. ಡಿಸ್ಕಿನಲ್ಲಿ ತುಂಬಿದ್ದನ್ನೆಲ್ಲ ವೈಫೈ ಮೂಲಕ ಮನೆಯ ಯಾವ ಟಿವಿಯಲ್ಲಿ ಬೇಕಾದರೂ ನೋಡಬಹುದು. ನಮ್ಮ ಮನೆಯಲ್ಲಿರುವುದು ಒಂದೇ ಟಿವಿ, ಅದು ಬೇರೆ ಮಾತು. ಪಾಸ್‌ವರ್ಡ್ ಇಡಬೇಕೇ ಎಂದು ಸರ್ವರ್ ವಿನಯದಿಂದಲೇ ಕೇಳಿತು. ನಮ್ಮ ಮನೆಯೊಳಗೆ ನಮಗೇ ಬೀಗವೇ, ಬೇಡ ಎಂದೆ.

ಮರೆತದ್ದು ಏನೆಂದರೆ, ನಮ್ಮ ವೈಫೈ ನಮ್ಮ ಮನೆಯದು ಮಾತ್ರ ಅಲ್ಲ. ಪಕ್ಕದ ಮನೆಯ ಲೇಲೆ ಕಾಕು, ಅಂದರೆ ಮರಾಠಿ ಚಿಕ್ಕಮ್ಮ, ಅವರಿಗೂ ನಮಗೂ ಮೊದಲಿನಿಂದ ಕೊಡುಕೊಳ್ಳುವಿಕೆ. ದೋಸೆ ಹಿಟ್ಟು ಆಚೆ ಹೋಗುತ್ತದೆ, ಪಾತ್ರೆ ಖಾಲಿ ಬರಬಾರದೆಂದು ಅದರಲ್ಲಿ ಪುರಣಪೋಳಿ ಈಚೆ ಬರುತ್ತದೆ. ಮಳೆಗಾಲದಲ್ಲಿ ರಸ್ತೆ ಅಗೆದವರು ಕಾಕುವಿನ ಮನೆಯ ಇಂಟರ್ನೆಟ್ ಕೇಬಲ್ಲನ್ನೂ ಕತ್ತರಿಸಿ ಹೋದಾಗ, ಕರಿಬೇವು ಕೊಟ್ಟಷ್ಟೇ ಸಲೀಸಾಗಿ ನಾನು ವೈಫೈ ಪಾಸ್‌ವರ್ಡ್ ಕೊಟ್ಟಿದ್ದೆ.

ಈಗ ನಾಚಿಕೆಯ ವಿಷಯಕ್ಕೆ ಬರುತ್ತೇನೆ. ನನಗೆ ಜನರ ಅಣಕು ಮಾಡುವ ಚಾಳಿ ಇದೆ. ಪ್ರತಿ ಚೌತಿಗೆ ನಮ್ಮವರೆಲ್ಲ ಕೋಪರಿಯ ಅಣ್ಣನ ಮನೆಯಲ್ಲಿ ಸೇರುತ್ತೇವೆ, ಊಟವಾದ ಮೇಲೆ ನನ್ನದೊಂದು ಐಟಂ ಇರುತ್ತದೆ. ಅತಿ ಬೇಡಿಕೆಯದ್ದು ಲೇಲೆ ದಂಪತಿಗಳದ್ದು. ನಮ್ಮ ನಡುಗೋಡೆ ಹಪ್ಪಳದಷ್ಟು ತೆಳು. ಕಾಕಾ ಬೆಳಿಗ್ಗೆ ಲೋಕಲ್ ಹಿಡಿಯಲು ಹೊರಡುವಾಗ ಕೆಮ್ಮಿ, "ಅಗಂ, ಪಾಸ್ ಕುಠೇ?" ಎಂದು ಕೂಗುತ್ತಿದ್ದರು, ರೈಲಿನ ಪಾಸ್ ಎಲ್ಲಿ ಎಂದು. ಅಡುಗೆಮನೆಯಿಂದ ಕಾಕು, "ಅಹೋ, ಖಿಶಾತ್ ಬಘಾ!" ಎನ್ನುತ್ತಿದ್ದರು, ಜೇಬಿನಲ್ಲಿ ನೋಡಿ ಎಂದು. ಪಾಸ್ ಪ್ರತಿದಿನ ಜೇಬಿನಲ್ಲೇ ಇರುತ್ತಿತ್ತು. ನಾನು ಕಾಕಾನಿಗೆ ಒಡಕು ಸ್ವರ, ಕಾಕುವಿಗೆ ಪ್ರೆಷರ್ ಕುಕ್ಕರಿನ ಸ್ವರ ಕೊಟ್ಟು ಆಡಿ ತೋರಿಸಿದರೆ ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಾಕಾ ಬದುಕಿದ್ದಾಗಲೇ ಯಾರೋ ನನ್ನ ಮೊಬೈಲಲ್ಲೇ ಅದರ ವಿಡಿಯೋ ತೆಗೆದಿದ್ದರು. ಅದೂ ನನ್ನ ಡಿಸ್ಕಿಗೆ ಬಂದು 'ಗಣಪತಿ' ಎಂಬ ಫೋಲ್ಡರಿನಲ್ಲಿ ಪವಿತ್ರವಾಗಿ ಕೂತಿತ್ತು.

ಯಕ್ಷಗಾನದ ಹಾಸ್ಯಗಾರನೂ ಅಣಕಿಸುತ್ತಾನಲ್ಲ ಎಂದು ನಾನು ಸಮಾಧಾನ ಮಾಡಿಕೊಳ್ಳುವುದುಂಟು. ಆದರೆ ಅವನು ರಾಜನ ಎದುರಿಗೇ ನಿಂತು ರಾಜನನ್ನು ಅಣಕಿಸುತ್ತಾನೆ, ಅದಕ್ಕೆ ಎದೆಗಾರಿಕೆ ಬೇಕು. ನಾನು ಅಣಕಿಸಿದ್ದು ಗೋಡೆಯ ಈಚೆಯಿಂದ ಕದ್ದು ಕೇಳಿದ್ದನ್ನು, ನಾಲ್ಕು ಸ್ಟೇಷನ್ ಆಚೆ ಹೋಗಿ. ಹಾಸ್ಯಗಾರ ಎಲ್ಲಿ, ನಾನೆಲ್ಲಿ!

ಒಂದು ಬೆಳಿಗ್ಗೆ ಕಾಕು ಹಾಲಿನ ಪ್ಯಾಕೆಟ್ ಎತ್ತಿಕೊಳ್ಳುತ್ತ ತಮ್ಮ ಮರಾಠಿಯಲ್ಲಿ, "ಅರೇ ರಾವ್, ನಿನ್ನ ಟಿವಿ ಸ್ಟೇಷನ್ ನಮ್ಮ ಟಿವಿಯಲ್ಲೂ ಬರುತ್ತದೆ. ಗಣಪತಿಯದ್ದೂ ನೋಡಿದೆ" ಎಂದು ಹೇಳಿ ಬಾಗಿಲು ಹಾಕಿಕೊಂಡರು. ಅಯ್ಯೋ ದೇವರೇ! ಒಳಗೆ ಓಡಿ ಆ ವಿಡಿಯೋ ಅಳಿಸಿದೆ. ಬ್ಯಾಕಪ್ ಎಂಬುದನ್ನು ನಾನು ಮಾಡಿರಲೇ ಇಲ್ಲ, ಎಲ್ಲ ಸೇರಿಸಿ ಆಯಿತಲ್ಲ ಎಂದು ಹಳೆಯ ಪೆನ್‌ಡ್ರೈವುಗಳನ್ನೂ ಮೊಬೈಲನ್ನೂ ಖಾಲಿ ಮಾಡಿದ್ದೆ. ಹೋದದ್ದು ಹೋಯಿತು, ಪೀಡೆ ತೊಲಗಿತು ಎಂದುಕೊಂಡೆ. ಆದರೂ ಕಾಕುವಿನ ಎದುರು ನಿಲ್ಲುವ ಧೈರ್ಯ ಬರಲಿಲ್ಲ. ಅದಕ್ಕೇ ಮೆಟ್ಟಿಲು.

"ಎಷ್ಟು ದಿನ ಹೀಗೆ ಕಳ್ಳನ ಹಾಗೆ ತಿರುಗುವುದು? ಹೋಗಿ ತಪ್ಪಾಯಿತು ಅಂತ ಹೇಳಿ ಬನ್ನಿ" ಎಂದು ವಸಂತಿ ಗದರಿದಳು. ನಾನು ಹೋಗುವ ಮೊದಲೇ ಕಾಕು ಬಂದರು.

"ರಾವ್, ಆ ವಿಡಿಯೋ ಎಲ್ಲಿ? ದಿನಾ ನೋಡುತ್ತಿದ್ದೆ, ಈಗ ಬರುತ್ತಿಲ್ಲ."

"ಕಾಕು, ಕ್ಷಮಿಸಿ. ನನಗೆ ಬುದ್ಧಿ ಇರಲಿಲ್ಲ. ಅಳಿಸಿಬಿಟ್ಟೆ."

ಅವರು ಕುರ್ಚಿಯ ಬೆನ್ನು ಹಿಡಿದುಕೊಂಡರು. "ಅಳಿಸಿದೆಯಾ?" ಎಂದರು. ಕುರ್ಚಿ ಎಳೆದು ಕೂತು, "ಮೊದಲ ದಿನ ನೋಡಿದಾಗ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಇಷ್ಟು ವರ್ಷ ನಮ್ಮ ಪುರಣಪೋಳಿ ತಿಂದು ಹಿಂದಿನಿಂದ ಇದಾ ಮಾಡಿದ್ದು ಅನ್ನಿಸಿತು. ಆಮೇಲೆ ಕಣ್ಣು ಮುಚ್ಚಿ ಕೇಳಿದೆ. ನಮ್ಮವರೇ ಮಾತಾಡಿದ ಹಾಗಿತ್ತು! ಕ್ಯಾಮೆರಾ ಕಂಡರೆ ಬಾಯಿಗೆ ಬೀಗ ಹಾಕುವ ಮನುಷ್ಯ. ಫೋಟೊ ರಾಶಿ ಇದೆ, ಸ್ವರ ಎಲ್ಲೂ ಇಲ್ಲ. ನಿನ್ನ ಹತ್ತಿರ ಮಾತ್ರ ಇತ್ತು" ಎಂದರು.

ಅಣಕು ಮಾಡಿದ್ದಕ್ಕೆ ಆದ ನಾಚಿಕೆ ಏನೂ ಅಲ್ಲ. ಅಳಿಸಿದ್ದಕ್ಕೆ ಆದ ನಾಚಿಕೆ ಅದಕ್ಕಿಂತ ದೊಡ್ಡದು. ನನ್ನ ಮಾನ ಉಳಿಸಿಕೊಳ್ಳುವ ಅವಸರದಲ್ಲಿ ಬೇರೊಬ್ಬರ ಮನೆಯ ಸ್ವರವನ್ನು ಒಂದು ಬಟನ್ ಒತ್ತಿ ಮುಗಿಸಿದ್ದೆ.

"ಸುಮ್ಮನೆ ನಿಂತರೆ ಆಗುವುದಿಲ್ಲ. ಮಾಡು ಈಗ" ಎಂದರು ಕಾಕು.

"ಇಲ್ಲೇ? ನಿಮ್ಮ ಎದುರು?"

"ಮತ್ತೆ? ಕೋಪರಿಗೆ ಹೋಗಿ ಮಾಡುತ್ತೀಯಾ?"

ವಸಂತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಶುರು ಮಾಡಿದೆ. ಮೊದಲ ಸಾಲಿಗೇ ಕಾಕು ತಡೆದರು. ಕೆಮ್ಮು ಇಷ್ಟು ಜೋರಿಲ್ಲ, ಅವರೇನು ಮುದುಕರಾಗಿದ್ದರಾ? ಒಡಕು ಸ್ವರವೂ ಬೇಡ. ಕೋಪದಿಂದ ಕೇಳುತ್ತಿರಲಿಲ್ಲ, ಹೆದರಿಕೊಂಡು ಕೇಳುತ್ತಿದ್ದರು. ನಗಿಸಲಿಕ್ಕೆಂದು ನಾನು ಸೇರಿಸಿದ್ದನ್ನೆಲ್ಲ ಅವರು ಒಂದೊಂದಾಗಿ ಕಿತ್ತು ತೆಗೆದರು. ಕೊನೆಗೆ ನಾನು ಮೆಲ್ಲಗೆ, ಹೊತ್ತಾಯಿತೆಂಬ ಗಾಬರಿಯಲ್ಲಿ, "ಅಗಂ, ಪಾಸ್ ಕುಠೇ?" ಎಂದೆ. ಕುಕ್ಕರ್ ಸ್ವರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವರು ಕೈ ಎತ್ತಿದರು.

"ನನ್ನದು ನೀನು ಹೇಳಬೇಡ. ನಾನಿನ್ನೂ ಇದ್ದೇನೆ."

ಪಾಸ್ ಎಲ್ಲಿ ಎಂದು ನಾನು ಇನ್ನೊಮ್ಮೆ ಕೇಳಿದೆ. ಕಾಕು ನನ್ನ ಕಡೆ ನೋಡದೆ, ಕಿಟಕಿಯ ಕಡೆ ತಿರುಗಿ, "ಅಹೋ, ಖಿಶಾತ್ ಬಘಾ" ಎಂದರು. ಅದರಲ್ಲಿ ಕುಕ್ಕರೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಇಷ್ಟು ವರ್ಷ ಗೋಡೆಗೆ ಕಿವಿ ಕೊಟ್ಟವನಿಗೆ ಆ ಅಕ್ಕರೆಯೊಂದು ಕೇಳಿಸಿರಲೇ ಇಲ್ಲ.

ನನ್ನ ಕೈ ತಾನಾಗಿಯೇ ಜೇಬಿಗೆ ಹೋಯಿತು.