ಅತ್ತೆಯ ಬಚ್ಚಲಿಗೊಂದು ಚಿಲಕ

ದೀಪಾವಳಿಗೆ ಊರಿಗೆ ಹೊರಟವಳು ಹುಣಸೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಇದ್ದಕ್ಕಿದ್ದಂತೆ ಮಳೆ ಬಂತು. ಛತ್ರಿ ತರದವರೆಲ್ಲ ಓಡಿಹೋಗಿ ಒಂದು ದಿನಸಿ ಅಂಗಡಿಯ ಸೂರಿನಡಿ ನಿಂತೆವು. ಅಲ್ಲಿ ಹುರುಳಿ ಮೂಟೆಗಳಿಗೆ ಹೊದಿಸಿದ್ದ ಗೋಣಿತಾಟು ನೆನೆದು ವಾಸನೆ ಹೊಡೆಯುತ್ತಿತ್ತು. ಒದ್ದೆ ಗೋಣಿಯ ವಾಸನೆ ನಿಮಗೆ ಏನನ್ನು ನೆನಪಿಸುತ್ತದೋ ನಾನು ಕಾಣೆ. ಸಂತೆಯನ್ನೋ, ಗಾಡಿಯನ್ನೋ, ಸುಗ್ಗಿಯ ಕಣವನ್ನೋ ನೆನಪಿಸಬಹುದು. ನನಗೆ ಮಾತ್ರ ಅದು ಸ್ನಾನದ ವಾಸನೆ. ಇದನ್ನು ಪಕ್ಕದಲ್ಲಿ ನಿಂತವರಿಗೆ ಹೇಳುವಷ್ಟು ಸಲಿಗೆಯವಳು ನಾನಲ್ಲ. ನಿಮ್ಮ ಮುಖ ನನಗೆ ಕಾಣುವುದಿಲ್ಲವಾದ್ದರಿಂದ ನಿಮಗೆ ಹೇಳಬಹುದು.

ರಾವಂದೂರಿನ ಕಡೆಯ ನಮ್ಮ ಹಳ್ಳಿಯಲ್ಲಿ, ನಾನು ಹುಟ್ಟಿ ಬೆಳೆದ ಮನೆಯ ಬಚ್ಚಲು ಹಿತ್ತಲಿನಲ್ಲಿ ದನದ ಕೊಟ್ಟಿಗೆಗೆ ಒತ್ತಿಕೊಂಡಿತ್ತು. ಮೂರು ಕಡೆ ಮಣ್ಣಿನ ಗೋಡೆ, ನಾಲ್ಕನೆಯ ಕಡೆ ಗೋಣಿತಾಟಿನ ಪರದೆ. ಒಳಗೆ ನಿಲ್ಲಲು ಒಂದು ಚಪ್ಪಡಿ, ಮೂಲೆಯಲ್ಲಿ ಒಲೆಯ ಮೇಲೆ ಕೂರಿಸಿ ಸುತ್ತ ಗಾರೆ ಮೆತ್ತಿದ ತಾಮ್ರದ ಹಂಡೆ. ಆ ಹಂಡೆ ಅಲ್ಲಿಂದ ಅಲುಗಿದ್ದನ್ನು ಕಂಡವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಗಂಡಸರು ಪರದೆ ಸರಿಸಿ ಒಳಗೆ ಹೋಗುತ್ತಿದ್ದರು, ಮಿಂದು ಬರುತ್ತಿದ್ದರು. ಹೆಂಗಸರದು ಅಷ್ಟು ಸಲೀಸಲ್ಲ. ಬೆಳಕು ಹರಿಯುವ ಮೊದಲೇ ಮುಗಿಸಿಕೊಳ್ಳಬೇಕು. ತಡವಾದರೆ ಪರದೆಯ ಹೊರಗೆ ಇನ್ನೊಬ್ಬ ಹೆಂಗಸು ನಿಲ್ಲಬೇಕು. ಗಾಳಿ ಬೀಸಿದರೆ ಪರದೆಯನ್ನು ಹಿಡಿದುಕೊಳ್ಳುವುದು, ಕೊಟ್ಟಿಗೆಯ ಕಡೆಗೆ ಯಾರಾದರೂ ಬಂದರೆ ಕೆಮ್ಮುವುದು ಅವಳ ಕೆಲಸ. 'ಬಚ್ಚಲು ಕಾಯೋದು' ಎಂದೇ ಅದಕ್ಕೆ ನಮ್ಮಲ್ಲಿ ಹೆಸರು. ಚಿಕ್ಕಂದಿನಲ್ಲಿ ನಾನು ಎಷ್ಟು ಕಾದಿದ್ದೇನೆಂದರೆ, ಈಗಲೂ ತರಗತಿಯಲ್ಲಿ ಮಕ್ಕಳು ಗದ್ದಲ ಮಾಡಿದಾಗ ನನ್ನ ಬಾಯಿಂದ ಮೊದಲು ಬರುವುದು ಆ ಕೆಮ್ಮೇ.

ಮೈಸೂರಿಗೆ ಓದಲು ಹೋದಾಗ ಅಲ್ಲಿನ ಹಾಸ್ಟೆಲಿನಲ್ಲಿ ಮೊದಲ ಬಾರಿಗೆ ಒಳಗಿನಿಂದ ಚಿಲಕ ಹಾಕುವ ಬಚ್ಚಲುಮನೆಯನ್ನು ಕಂಡೆ. ಕಿರಿದಾದ, ಪಾಚಿಗಟ್ಟಿದ, ನೀರು ನಿಲ್ಲುವ ಕೋಣೆ ಅದು. ಉಳಿದ ಹುಡುಗಿಯರು ಅದನ್ನು ಬೈಯದ ದಿನವಿಲ್ಲ. ನಾನು ಬೈಯಲಿಲ್ಲ. ಚಿಲಕ ಹಾಕಿದ ಮೇಲೆ ಯಾರ ಹೆಜ್ಜೆಗೂ ಕಿವಿಗೊಡದೆ ನಿಲ್ಲಬಹುದೆಂಬುದು ಮೈಗೆ ತಿಳಿಯಲು ಕೆಲವು ದಿನ ಹಿಡಿಯಿತು. ತಿಳಿದ ಮೇಲೆ ನಾನು ಹೊರಗೆ ಬರುವುದು ತಡವಾಗತೊಡಗಿತು. "ಒಳಗೇ ಪರೀಕ್ಷೆಗೆ ಓದ್ತಾ ಇದೀಯೇನೇ?" ಎಂದು ಬಾಗಿಲು ಬಡಿಯುತ್ತಿದ್ದರು. ಪದವಿ ಪಡೆದು ಊರಿಗೆ ಮರಳಿದಾಗ ನಾನು ಪುಸ್ತಕಗಳ ಜೊತೆಗೆ ಆ ಚಿಲಕದ ಅಭ್ಯಾಸವನ್ನೂ ತಂದೆ. ಆದರೆ ನನಗಾಗಿ ಅದನ್ನು ಕೇಳುವ ಧೈರ್ಯವಾಗಲಿಲ್ಲ. ಕೇಳುವ ಧೈರ್ಯ ಬಂದದ್ದು ಅತ್ತೆಯಿಂದ.

ಅತ್ತೆ ಎಂದರೆ ಅಪ್ಪಾಜಿಯ ಅಕ್ಕ. ಗಂಡ ತೀರಿಹೋದ ಮೇಲೆ ತವರಿಗೆ ಬಂದು, ನಮ್ಮ ಮನೆಯಲ್ಲೇ ಹಣ್ಣಾದವರು. ಅವರಿಗೊಂದು ಕಟ್ಟುನಿಟ್ಟು ಇತ್ತು. ಮಿಂದು, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವನ್ನಿಟ್ಟು ಪೂಜೆ ಮಾಡದೆ ಅವರು ಒಂದು ತುತ್ತು ಬಾಯಿಗಿಡುತ್ತಿರಲಿಲ್ಲ. ಅದೇನೂ ನಮ್ಮವರಲ್ಲಿ ಅಪರೂಪವಲ್ಲ. ಆದರೆ ಆ ವರ್ಷದ ಮಳೆಗಾಲದಲ್ಲಿ ಅವರು ಕತ್ತಲಲ್ಲಿ ಚಪ್ಪಡಿಯ ಮೇಲೆ ಜಾರಿ ಬಿದ್ದು ಮೊಣಕಾಲು ಊದಿಸಿಕೊಂಡಿದ್ದರು. ಅಲ್ಲಿಂದಾಚೆಗೆ ನಸುಕಿನಲ್ಲಿ ಬಚ್ಚಲಿಗೆ ಹೋಗುವುದು ನಿಂತಿತು. ಬೆಳಕಾದ ಮೇಲೆ ಮೀಯಲು ಕಾಯುವವರು ಬೇಕು. ಅದು ಹೊಗೆಸೊಪ್ಪಿನ ಕಾಲ. ಎಲೆ ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್ನೆಂಬ ಎತ್ತರದ ಇಟ್ಟಿಗೆ ಕೋಣೆಯಲ್ಲಿ ನೇತುಹಾಕಿ ಬೇಯಿಸುವುದು ಎಂದು ಮನೆಮಂದಿಯೆಲ್ಲ ಹೊಲದಲ್ಲಿ. ನಾನೂ ಅವ್ವನ ಪಕ್ಕ ಕುಳಿತು, ಅಂಟಂಟು ಕೈಯಲ್ಲಿ ಎಲೆ ಕಟ್ಟುತ್ತಿದ್ದೆ.

ಒಂದು ಮಧ್ಯಾಹ್ನ ದಾರದ ಉಂಡೆ ತರಲೆಂದು ಮನೆಗೆ ಬಂದೆ. ಹಿತ್ತಲಿನ ಮೆಟ್ಟಿಲ ಮೇಲೆ ಅತ್ತೆ ಕುಳಿತಿದ್ದರು. ಮಡಿಲಲ್ಲಿ ಮಡಿಸಿದ ಸೀರೆ, ಪಕ್ಕದಲ್ಲಿ ಚೆಂಬು. ಕಣ್ಣು ಓಣಿಯ ಕಡೆಗೆ.

"ಇಲ್ಯಾಕೆ ಕೂತಿದೀರಿ ಅತ್ತೆ?"

"ಯಾರಾನ ಬತ್ತಾರೇನೋ ಅಂತ ಕಣ್ ಮಗ."

"ಊಟ?"

"ಒಟ್ಟೆ ಅಸೀಲಿಲ್ಲ ಬುಡು."

ನಾನು ಪರದೆ ಹಿಡಿದು ನಿಂತೆ. ಅವರು ಮಿಂದು, ಪೂಜೆ ಮುಗಿಸಿ, ಉಂಡರು. ಹಸಿವಿಲ್ಲದವರು ಹಾಗೆ ಉಣ್ಣುವುದಿಲ್ಲ. ದಿನವೂ ಹೀಗೆಯೇ ಕೂತಿರುತ್ತಿದ್ದರೇ ಎಂದು ನಾನು ಕೇಳಲಿಲ್ಲ, ಕೇಳಿದರೆ ಇಲ್ಲವೆನ್ನುತ್ತಿದ್ದರು. ಮುಂದಿನ ದಿನಗಳಲ್ಲಿ ಹೊಲದಿಂದ ಬಂದವಳೇ ಪರದೆ ಹಿಡಿದು, ಅವರು ಎಷ್ಟು ಹೊತ್ತಿಗೆ ಉಣ್ಣುತ್ತಾರೆಂದು ಗಮನಿಸಿದೆ.

ಜಗಳವಾಡುವುದು ನನಗೆ ಬರುವುದಿಲ್ಲ. ದನಿ ಎತ್ತಿದರೆ ನನಗೇ ಅಳು ಬಂದುಬಿಡುತ್ತದೆ. ಹಾಗಾಗಿ ಬೇರೆ ದಾರಿ ಹಿಡಿದೆ. ರಾತ್ರಿ ಅಪ್ಪಾಜಿಗೆ ಮುದ್ದೆ ಬಡಿಸುವಾಗ ಒಂದು ಮಾತು ಹೇಳುವುದು, ಒಂದೇ ಮಾತು.

"ಅಪ್ಪಾಜಿ, ಅತ್ತೆ ಇವತ್ತು ಉಂಡಿದ್ದು ದನ ಮನೆಗೆ ಬಂದ ಮೇಲೆ."

"ಯಾಕಂತೆ?"

"ಬಚ್ಚಲು ಕಾಯೋರಿರಲಿಲ್ಲ."

"ನೀನಿದ್ಯಲ್ಲವ್ವ."

"ಹಬ್ಬ ಕಳೆದ ಮೇಲೆ ನಾನು ಕೆಲಸಕ್ಕೆ ಹುಣಸೂರಿಗೆ ಹೋಗ್ತೀನಿ."

ಅಪ್ಪಾಜಿ ಸಾರು ಹಾಕೆಂದು ತಟ್ಟೆ ಮುಂದೆ ಮಾಡಿದರು. ಮರುದಿನ, "ಅತ್ತೆ ಇವತ್ತು ಉಣ್ಣೋ ಹೊತ್ತಿಗೆ ಬ್ಯಾರನ್ನಿನ ನೆರಳು ಬಾವಿ ಮುಟ್ಟಿತ್ತು" ಎಂದೆ. ಅದರ ಮರುದಿನ, "ಇವತ್ತು ದೀಪ ಹಚ್ಚಿದ ಮೇಲೆ." ಅವ್ವ ಒಲೆಯ ಕಡೆ ಮುಖ ತಿರುಗಿಸಿಕೊಂಡು ಕೂತಿರುತ್ತಿದ್ದಳು. ಕೊನೆಗೊಂದು ರಾತ್ರಿ ಅಪ್ಪಾಜಿ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು.

"ಏನವ್ವ ನೀನು, ಉಣ್ಣಕೆ ಕೂತೇಟ್ಗೆ ಪಾಠ ಒಪ್ಪಿಸ್ತೀಯ. ಏನ್ ಮಾಡ್ಬೇಕು ಅದ್ನಾರ ಏಳು."

"ನಾಲ್ಕನೇ ಗೋಡೆ. ಒಂದು ಬಾಗಿಲು. ಒಳಗಡೆ ಚಿಲಕ. ಜಾರದ ಹಾಗೆ ಗಾರೆ."

"ಇಟ್ಟಿಗೆ ಬ್ಯಾರನ್ನಿಗೆ ಮಡಗಿರೋದು ಕಣವ್ವ."

"ಎರಡನೇ ಬ್ಯಾರನ್ನು ಮುಂದಿನ ವರ್ಷಕ್ಕಲ್ವಾ ಅಪ್ಪಾಜಿ?"

ಅವರು ಅವ್ವನನ್ನು ನೋಡಿದರು. ಅವ್ವ ಆಗ ಬಾಯಿ ಬಿಟ್ಟಳು. ನನಗೆ ಬೇಕಾದ ಮಾತೇನೂ ಅದಲ್ಲ. "ಒಳಗಡೆ ಚಿಲಕ ಆಕ್ಕಂಡು ಬಿದ್ರೆ ಯಾರಿಗೆ ಗೊತ್ತಾದದು?" ಎಂದಳು. ಅದು ನಿಜವಾದ ತೊಡಕು. ಅದಕ್ಕೆ ಉತ್ತರ ಕೊಟ್ಟದ್ದು ನಡುಮನೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆ.

"ಮೀಯುವಾಗ ನನ್ ಬಾಯಿ ಎಂದಾರ ಸುಮ್ಕಿದ್ದದ್ದುಂಟಾ? ಮಾತು ನಿಂತೋದ್ರೆ ಬಿದ್ಲು ಅನ್ಕಳಿ." ಹಾಗೆಂದವರೇ ತಕ್ಷಣ, "ನಂಗ್ಯಾಕಪ್ಪ ಬಾಗ್ಲು. ನಾನೇನು ಅರಮನೆಯವಳಾ" ಎಂದೂ ಸೇರಿಸಿದರು.

ಮರುದಿನ ಅಪ್ಪಾಜಿ ಗಾರೆ ಕೆಲಸದ ಮಾದಯ್ಯನಿಗೆ ಹೇಳಿಕಳಿಸಿದರು. ಅವನಿಗೆ ತೋರಿಸಲು ಕಾಗದದ ಮೇಲೆ ಸ್ಕೇಲು ಹಿಡಿದು ನಕ್ಷೆ ಬರೆದೆ. ಬಲು ಚೆನ್ನಾಗಿತ್ತೆಂದು ನನ್ನ ಭಾವನೆ. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ರಾಗೆ ನಾನೆಲ್ಲಿ ಕೂರ್ಲಿ?" ಎಂದರು. ಅವರು ತಮಾಷೆಗೆ ಕೇಳಿದ್ದಲ್ಲ. ಆಗ ನನಗೊಂದು ಯೋಚನೆ ಹೊಳೆಯಿತು. ರಂಗೋಲಿ ಹಿಟ್ಟಿನ ಡಬ್ಬ ತಂದು, ಸಾರಿಸಿದ ಅಂಗಳದಲ್ಲಿ ಬಚ್ಚಲುಮನೆಯನ್ನು ಅದರ ನಿಜವಾದ ಅಳತೆಯಲ್ಲೇ ಬರೆದೆ. ಇದು ಗೋಡೆ, ಇದು ಮೋರಿ, ಇಲ್ಲಿ ಮೀಯುವ ಜಾಗ. ಅಟ್ಟದ ಮೇಲೆ ಹಳೆಯ ಕೋಣೆಯೊಂದರ ಒಂಟಿ ಬಾಗಿಲು ಇತ್ತು. ಅದರ ಅಗಲಕ್ಕೆ ಸರಿಯಾಗಿ ಗೆರೆಯಲ್ಲಿ ಬಾಗಿಲಿನ ಜಾಗ ಬಿಟ್ಟೆ. ಹಂಡೆಯ ಗುರುತಿಗೆ ಮೂಲೆಯಲ್ಲಿ ಒಂದು ಮೊರ ಇಟ್ಟೆ.

ಅತ್ತೆ ಗೆರೆ ತುಳಿಯದಂತೆ ಬಾಗಿಲಿನಿಂದಲೇ ಒಳಗೆ ಬಂದರು. ಗೋಡೆಯ ಬದಿಗೆ ಮಣೆ ಹಾಕಿಸಿಕೊಂಡು ಕುಳಿತರು. ಮೊರದ ಕಡೆಗೆ ಚೆಂಬು ಚಾಚಿ, "ದೂರಾಯ್ತು, ಅಂಡೇನ ಇತ್ಲಾಗೆ ಎಳಿ" ಎಂದರು. ಎಳೆದೆ. ಏಳುವಾಗ ಹಿಡಿದುಕೊಳ್ಳಲು ಗೋಡೆಯಲ್ಲೊಂದು ಕಲ್ಲು ಚಾಚಿಕೊಂಡಿರಲಿ ಎಂದರು. ಅದನ್ನೂ ಬರೆದೆ. ನಾನು ಹಿಟ್ಟಿನ ಡಬ್ಬ ಮುಚ್ಚುತ್ತಿದ್ದಾಗ, ಯಾರೂ ನೋಡುತ್ತಿಲ್ಲವೆಂದುಕೊಂಡು, ಅವರು ಬಾಗಿಲಿನ ಜಾಗಕ್ಕೆ ತಿರುಗಿ ಕೈಯೆತ್ತಿ ಇಲ್ಲದ ಚಿಲಕವನ್ನು ಹಾಕಿದರು. ಹಾಕಿ ಒಂದು ಗಳಿಗೆ ಹಾಗೇ ನಿಂತರು. ಅಷ್ಟು ಹೊತ್ತೂ ನನ್ನೊಳಗೆ ಚೂರುಪಾರು ಅಳುಕಿತ್ತು, ಮನೆಯವರನ್ನೆಲ್ಲ ನನ್ನ ಹಟಕ್ಕೆ ಎಳೆಯುತ್ತಿದ್ದೇನೋ ಎಂದು. ಆಮೇಲೆ ಇರಲಿಲ್ಲ. ಮರುದಿನ ಬೆಳಗ್ಗೆ ಅವ್ವ ಎಂದಿನಂತೆ ಸಗಣಿ ನೀರು ಹಾಕಿ ಬಚ್ಚಲುಮನೆಯನ್ನು ಸಾರಿಸಿಬಿಟ್ಟಳು. ನಾನು ಮತ್ತೊಮ್ಮೆ ಬರೆದೆ.

ಕೆಲಸ ಶುರುವಾದದ್ದು ದಸರೆ ಕಳೆದ ಮೇಲೆ. ಮೊದಲು ಹಳೆಯ ಒಲೆ ಒಡೆದು ಹಂಡೆಯನ್ನು ಬಾವಿಕಟ್ಟೆಯ ಬಳಿಗೆ ಉರುಳಿಸಿದರು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹೇಗೂ ಹಂಡೆಯನ್ನು ಬೆಳಗಲೇಬೇಕು. ಅವ್ವ ಹುಣಸೆಹಣ್ಣು ಹಾಕಿ ಉಜ್ಜಿ ಅದನ್ನು ಕೆಂಡದ ಬಣ್ಣಕ್ಕೆ ತಂದಳು. ಇತ್ತ ಹಳೆಯ ಚಪ್ಪಡಿ ಹೋಗಿ ಗಾರೆ ಬಂತು. ಬಾಗಿಲಿನ ಚೌಕಟ್ಟು ನಿಂತಿತು, ಎರಡು ಪಕ್ಕಕ್ಕೂ ಗೋಡೆ ಎದ್ದಿತು. ಉರಿ ಹಾಕುವ ಬಾಯನ್ನು ಹೊರಗಡೆಗೆ ಇಟ್ಟು ಹೊಸ ಒಲೆ ಕಟ್ಟಿದರು. ಸೂರಿಗೆ ಬಿದಿರಿನ ಗಳುಗಳನ್ನು ಕಟ್ಟಿಯಾಯಿತು. ಹೆಂಚು ಹೊದಿಸುವುದೊಂದು ಬಾಕಿ. ಹಬ್ಬದ ಹಿಂದಿನ ದಿನ ಅಪ್ಪಾಜಿ, ಮಾದಯ್ಯ, ಕೊಟ್ಟಿಗೆಯ ಆಳುಗಳು ಹಂಡೆಯನ್ನು ಬಾಗಿಲಿಗೆ ತಂದರು.

ಹಂಡೆ ಬಾಗಿಲಲ್ಲಿ ನಿಂತಿತು. ಓರೆ ಮಾಡಿದರು, ಮಲಗಿಸಿದರು, ಬೋರಲು ಹಾಕಿದರು. ದುಂಡಗಿನ ವಸ್ತುವನ್ನು ಎತ್ತ ತಿರುಗಿಸಿದರೂ ಅದರ ಹೊಟ್ಟೆ ಅಷ್ಟೇ ಇರುತ್ತದೆ.

"ಅಂಡೆ ಅಳತೆ ನಾ ತಗಳ್ನಿಲ್ಲ ಬುದ್ಧಿ," ಎಂದ ಮಾದಯ್ಯ ನನ್ನ ಕಡೆ ನೋಡಿ. "ಅವ್ವಾರು ಮೊರ ಮಡಗಿದ್ರಲ್ಲ."

"ಬಿ.ಎ. ಓದುದ್ ಮ್ಯಾಕೆ ಮೊರಾನೂ ಅಂಡೇನೂ ಒಂದೇಯ ಕಣಯ್ಯ" ಎಂದರು ಅಪ್ಪಾಜಿ. ಆಳುಗಳು ನಗು ತಡೆಯಲಾರದೆ ಹಂಡೆ ಕೆಳಗಿಟ್ಟರು. ನಾನೂ ನಗಬೇಕಾದ ಮಾತೇ ಅದು, ಆದರೆ ಅಪ್ಪಾಜಿ ಮುಂದುವರಿಸಿದರು. "ಚೌಕಟ್ಟು ಕಿತ್ತಾಕು ಮಾದ. ಅಬ್ಬಕ್ಕೆ ಗೋಣಿತಾಟು ಕಟ್ಟಾನ. ಆಮ್ಯಾಕೆ ನೋಡ್ಕಳನ."

ನಮ್ಮ ಮನೆಯ 'ಆಮೇಲೆ' ನನಗೆ ಚೆನ್ನಾಗಿ ಗೊತ್ತು. ಹಬ್ಬ ಕಳೆದರೆ ನಾನು ಹುಣಸೂರಿನಲ್ಲಿರುತ್ತೇನೆ, ಮಾದಯ್ಯ ಬೇರೆ ಕೆಲಸ ಹಿಡಿದಿರುತ್ತಾನೆ, ಇಟ್ಟಿಗೆ ಬ್ಯಾರನ್ನಿಗೆ ಹೋಗುತ್ತದೆ, ಅತ್ತೆ ಮಡಿಲಲ್ಲಿ ಸೀರೆ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿರುತ್ತಾರೆ. ಮಾದಯ್ಯ ಹಾರೆ ತೆಗೆದುಕೊಂಡ. ನಾನು ಹೋಗಿ ಬಾಗಿಲಿನ ಚೌಕಟ್ಟಿನೊಳಗೆ ನಿಂತೆ.

"ಕೀಳೋದು ಬೇಡ."

"ಮತ್ತೆ ಅಂಡೆ?"

ಎರಡೂ ಕೈಯಿಂದ ಚೌಕಟ್ಟನ್ನು ಹಿಡಿದುಕೊಂಡೆ. ಆಳುಗಳ ಎದುರಿಗೆ ಅಪ್ಪಾಜಿಯ ಮಾತನ್ನು ಹಾಗೆ ತಡೆದದ್ದು ಅದೇ ಮೊದಲು. ಅಪ್ಪಾಜಿಯ ಮುಖದಲ್ಲಿ ನಗು ಹೋಗಿತ್ತು.

"ಮ್ಯಾಗಲಿಂದ ಇಳಿಸ್ರಪ್ಪ" ಎಂದರು ಅತ್ತೆ, ಮೆಟ್ಟಿಲ ಮೇಲಿನಿಂದ. "ಎಂಚಿನ್ನೂ ಒದ್ಸಿಲ್ವಲ್ಲ."

ಎಲ್ಲರೂ ತಲೆಯೆತ್ತಿ ಗಳುಗಳನ್ನು ನೋಡಿದೆವು.

"ಆಮ್ಯಾಕೆ ಈಚೆಗೆ ತಗೆಯದೆಂಗೆ ಅಕ್ಕಯ್ಯ?"

"ಯಾಕ್ ತಗೀಬೇಕು ತಮ್ಮಯ್ಯ. ಅದೆಲ್ಲಿಗೋಗ್ಬೇಕು ಇನ್ಮೇಲೆ. ನಾನೆಲ್ಲಿಗೋಗ್ಬೇಕು."

ಬಾಗಿಲು ಬೇಡವೆನ್ನುತ್ತಿದ್ದವರು ಬಾಗಿಲನ್ನು ಉಳಿಸಿಕೊಳ್ಳಲು ಆಡಿದ ಮಾತು ಅಷ್ಟೇ. ಅಪ್ಪಾಜಿ ಗಾಡಿಯ ಹಗ್ಗ ತರಲು ಹೇಳಿದರು. ಎರಡು ಗಳು ಬಿಚ್ಚಿ, ಹಂಡೆಯ ಕೊರಳಿಗೆ ಹಗ್ಗ ಬಿಗಿದು, ಗೋಡೆಯ ಮೇಲೆ ನಿಂತು ಇಳಿಬಿಟ್ಟರು. ಅದು ತೂಗುತ್ತಾ ಇಳಿದು ಒಲೆಯ ಮೇಲೆ ಕುಳಿತಾಗ ಒಳಗೆ ನಿಂತು ದಾರಿ ತೋರುತ್ತಿದ್ದವಳು ನಾನು. ಸಂಜೆಯೊಳಗೆ ಹೆಂಚು ಹೊದಿಸಿಯಾಯಿತು. ಮರುದಿನ ಅವ್ವ ಹಂಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದು, ಹಾಗಲಬಳ್ಳಿ ಸುತ್ತಿ, ಒಳಗೇ ನೀರು ತುಂಬಿದಳು.

ನಾನು ಹುಣಸೂರಿಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ಹೊಲದಿಂದ ಬಂದಾಗ ಮೆಟ್ಟಿಲು ಖಾಲಿಯಿತ್ತು. ಅತ್ತೆ ಅಡುಗೆಮನೆಯಲ್ಲಿ ಒದ್ದೆ ತಲೆಗೂದಲು ಹರಡಿಕೊಂಡು, ಹಣೆಯ ತುಂಬ ವಿಭೂತಿ ಇಟ್ಟುಕೊಂಡು, ಒಬ್ಬರೇ ಉಣ್ಣುತ್ತಿದ್ದರು. "ನಂದಾಯ್ತು. ನಿಂಗಿಕ್ಕಲಾ?" ಎಂದರು.

ಹುಣಸೂರಿನ ಆ ಸೂರಿನಡಿ ನಿಂತು ನಾನು ನೆನೆದದ್ದು ಇಷ್ಟು. ಮಳೆ ನಿಂತಿತು, ಬಸ್ಸು ಬಂತು, ನಾನು ಊರು ಸೇರಿದೆ.

ಚತುರ್ದಶಿಯ ಎಣ್ಣೆ ನೀರು ನಮ್ಮಲ್ಲಿ ಮೊದಲು ಗಂಡಸರಿಗೆ. ನಾನು ಕಂಡಾಗಿನಿಂದ ಹಾಗೆಯೇ. ಈ ಸಲ ಬೆಳಗ್ಗೆ ತಲೆಗೆ ಎಣ್ಣೆ ಒತ್ತಿಸಿಕೊಂಡು ಹಿತ್ತಲಿಗೆ ಬಂದೆ. ಅಪ್ಪಾಜಿ ಮೈಯೆಲ್ಲ ಎಣ್ಣೆ ಬಳಿದುಕೊಂಡು, ಹೆಗಲ ಮೇಲೆ ಟವಲು ಹಾಕಿಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದರು. ಬಚ್ಚಲ ಬಾಗಿಲು ಮುಚ್ಚಿತ್ತು. ಅವ್ವ ಹೊರಗಿನ ಬಾಯಿಗೆ ಸೌದೆ ತುಂಬುತ್ತಾ, ಒಳಗಿನಿಂದ ಬರುತ್ತಿದ್ದ ಮಾತಿಗೆ ಹ್ಞೂಂಗುಟ್ಟುತ್ತಿದ್ದಳು.

ಆ ಬಾಗಿಲನ್ನು ತಂದವಳು ನಾನು ಎಂದು ಇಷ್ಟು ವರ್ಷ ಒಳಗೊಳಗೇ ಬೀಗಿದ್ದೇನೆ. ಅಂದು ನೋಡಿದರೆ ನಾನು ಸರದಿಯಲ್ಲಿ ಅಪ್ಪಾಜಿಯ ಹಿಂದೆ.

"ಅಕ್ಕಯ್ಯ, ಆಯ್ತಾ?" ಎಂದರು ಅಪ್ಪಾಜಿ. "ಎಣ್ಣೆ ಕಣ್ಣಿಗಿಳೀತಾ ಅದೆ."

"ಒರಸ್ಕೊ ತಮ್ಮಯ್ಯ. ಇನ್ನೂ ಸೀಗೇಕಾಯೇ ಆಕಿಲ್ಲ ನಾನು."

ಅಪ್ಪಾಜಿ ಟವಲಿನಿಂದ ಕಣ್ಣೊರೆಸಿಕೊಂಡು, ಸ್ವಲ್ಪ ಸರಿದು, ಮೆಟ್ಟಿಲ ಮೇಲೆ ನನಗೂ ಜಾಗ ಮಾಡಿಕೊಟ್ಟರು.